ಮಿಸ್ಸಿಂಗ್ ಹೊಡೆಯುವ ಜಿಪ್ಸಿ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಹಳೆಯ ಜಿಪ್ಸಿಯನ್ನು ಮಾರುವವರು ಕಡಿಮೆ. ತಗಡು ತುಕ್ಕು ಹಿಡಿದರೆ ಹೊಸ ತುಂಡು ವೆಲ್ಡಿಂಗ್ ಮಾಡಿಸುತ್ತಾರೆ, ರೆಕ್ಸಿನ್ ಹುಡ್ ಹರಿದರೆ ಹೊಲಿಸುತ್ತಾರೆ, ಹಿಂದಿನ ಪ್ಲೇಟು ಮುರಿದರೆ ಸೆಟ್ಟೇ ಬದಲಿಸುತ್ತಾರೆ. ಜೂನ್ ತಿಂಗಳಲ್ಲಿ ತೋಟದ ಒಳದಾರಿ ಕೆಸರಾಗಿ, ಮೇಲಿನ ಬ್ಲಾಕಿಗೆ ಗೊಬ್ಬರದ ಚೀಲ ಹತ್ತಿಸಬೇಕಾದಾಗ ಈ ಪುಟ್ಟ ಗಾಡಿ ಮಾಡುವ ಕೆಲಸವನ್ನು ಅದರ ಎರಡರಷ್ಟು ತೂಗುವ ಹೊಸ ಗಾಡಿಗಳು ಮಾಡಲಾರವು. ತೂಕ ಒಂದು ಟನ್ನಿನ ಆಸುಪಾಸು, ಅಗಲ ಕಡಿಮೆ, ನಾಲ್ಕು ಚಕ್ರಕ್ಕೂ ಎಳೆತ. ಸಿಲ್ವರ್ ಓಕ್ ಮರಗಳ ನಡುವಿನ ಸಂದಿಯಲ್ಲಿ ತಿರುಗಿಸಿಕೊಂಡು ಬರಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. 1985ರಲ್ಲಿ 970 ಸಿಸಿ ಇಂಜಿನ್ನಿನೊಂದಿಗೆ ಬಂದ ಗಾಡಿಗೆ 1996ರಲ್ಲಿ 1298 ಸಿಸಿಯ ಎಂಟು ವಾಲ್ವಿನ ಇಂಜಿನ್ ಸಿಕ್ಕಿತು. ಮತ್ತೆ ನಾಲ್ಕು ವರ್ಷಕ್ಕೆ ಕಾರ್ಬುರೇಟರ್ ಹೋಗಿ, ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ 16 ವಾಲ್ವಿನ ಎಂಪಿಎಫ್ಐ ಇಂಜಿನ್ ಬಂತು. ಈ ಕೊನೆಯದೂ ಎಸ್ಟೀಮ್ ಕಾರಿನ ಎಂಪಿಎಫ್ಐ ಇಂಜಿನ್ನೂ ಒಂದೇ ಬಳ್ಳಿಯವು; ಎರಡನ್ನೂ ಜಿ13ಬಿಬಿ ಎಂದೇ ಕರೆಯುತ್ತಾರೆ. ಎಸ್ಟೀಮ್ ತಯಾರಿಕೆ ನಿಂತು ಹೋಯಿತು, ಒಳ್ಳೆಯ ಸ್ಥಿತಿಯಲ್ಲಿದ್ದ ಅದರ ಇಂಜಿನ್ನುಗಳು ಗುಜರಿಗೆ ಬಂದವು, ಅಲ್ಲಿಂದ ಮಲೆನಾಡಿನ ಕಾರ್ಬುರೇಟರ್ ಜಿಪ್ಸಿಗಳ ಬಾನೆಟ್ಟಿನೊಳಗೆ ಸೇರಿದವು.

ನಮ್ಮ ಮನೆಯ ಜಿಪ್ಸಿಯ ಕಥೆಯೂ ಇದೇ. ಹಳೆಯ ಇಂಜಿನ್ ಒಮ್ಮೆ ರೀಬೋರ್ ಆಗಿ, ಎಣ್ಣೆ ಕುಡಿಯತೊಡಗಿ, ಕೊನೆಗೆ ಬ್ಲಾಕೇ ಸೀಳಿತು. ಎಸ್ಟೀಮಿನದನ್ನು ತಂದು ಕೂರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಇಂಜಿನ್ ನಂಬರು ಆರ್‌ಸಿಯಲ್ಲಿ ಸೇರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ತಯಾರಕರು ನಿಗದಿ ಮಾಡಿದ್ದನ್ನು ಮೀರಿದ ಬದಲಾವಣೆಗೆ ಸಾಮಾನ್ಯವಾಗಿ ಜಾಗವಿಲ್ಲ. ಅದು ಸರಿಯಾದದ್ದೇ. ಬದಲಿಸುವ ಯೋಚನೆ ಇರುವವರು ಗುಜರಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗುವುದು ಒಳ್ಳೆಯದು.

ಕಾಗದದ ಕೆಲಸಕ್ಕೆ ಒಂದು ಕೊನೆ ಇದೆ. ಇಂಜಿನ್ ಇಳಿಸಿ, ಮೌಂಟಿಂಗ್ ಬಿಗಿದು, ಸ್ಟಾರ್ಟ್ ಮಾಡಿ, "ನೋಡಿ, ಓಡ್ತಿದೆ" ಎಂದು ಕೀಲಿ ಕೈಗಿಟ್ಟ ಮೇಲೆ ಶುರುವಾಗುವ ಕೆಲಸವೇ ಬೇರೆ.

ಗಾಡಿ ಓಡುತ್ತಿತ್ತು, ನಿಜ. ಬೆಳಿಗ್ಗೆ ತಣ್ಣಗಿದ್ದಾಗ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಐಡ್ಲಿಂಗ್ ತಾನಾಗಿಯೇ ಏರುವುದು, ಬೀಳುವುದು, ಮತ್ತೆ ಏರುವುದು. ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಗಾಡಿಯ ಸುತ್ತ ಪೆಟ್ರೋಲ್ ವಾಸನೆ. ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಎಕ್ಸಲರೇಟರ್ ತುಳಿದರೆ ಜರ್ಕ್. ಇಳಿಜಾರಿನಲ್ಲಿ ಕ್ಲಚ್ ಒತ್ತಿದರೆ ಇಂಜಿನ್ ಬಂದ್. ಮೀಟರಿನ ಮೂಲೆಯಲ್ಲಿ ಹಳದಿ ದೀಪ. ಕೂರಿಸಿಕೊಟ್ಟ ವರ್ಕ್‌ಶಾಪಿನವರು ದೀಪದ ಸಂಖ್ಯೆ ಓದಿದರು, ಪ್ರೆಶರ್ ಸೆನ್ಸರ್ ಎಂದರು, ಹೊಸದು ಹಾಕಿದರು. ಏನೂ ಬದಲಾಗಲಿಲ್ಲ. ಟೆಂಪರೇಚರ್ ಸೆನ್ಸರ್ ಎಂದರು, ಅದನ್ನೂ ಹಾಕಿದರು. ಆಮೇಲೆ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಎಂ, ಹೋಗಿರಬೇಕು ಎಂದರು. ಅಲ್ಲಿಗೆ ನಾನು ಗಾಡಿಯನ್ನು ಅಲ್ಲಿಂದ ತೆಗೆದುಕೊಂಡು ಬಂದೆ.

ಈ ಮಾತು ನಮ್ಮ ಗಾಡಿಯೊಂದರದಲ್ಲ. ಇಂಜಿನ್ ಬದಲಿಸಿದ ಗಾಡಿ ಸರಿಯಾಗಿ ಓಡದಿದ್ದಾಗ ಎಲ್ಲ ಕಡೆಯೂ ಹೀಗೆಯೇ ಆಗುತ್ತದೆ. ಯಾವ ಸೆನ್ಸರಿನ ಹೆಸರು ಬಂತೋ ಆ ಸೆನ್ಸರು ಬದಲು. ಇದು ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಹಳೆಯ ಇಂಜಿನ್ನಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ನಿಂತು ನೋಡಬೇಕು.

ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಗಾಳಿಯೇ ಎಳೆದುಕೊಳ್ಳುತ್ತದೆ. ಕಿರಿದಾದ ಕತ್ತಿನಲ್ಲಿ ಗಾಳಿ ಜೋರಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಜೆಟ್ಟಿನಿಂದ ಪೆಟ್ರೋಲು ಮೇಲೇಳುತ್ತದೆ. ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಎಂಪಿಎಫ್ಐನಲ್ಲಿ ಲೆಕ್ಕ ಹಾಕುವುದು ಇಸಿಎಂ ಎಂಬ ಪೆಟ್ಟಿಗೆ. ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಎಂಬುದು ಅದರ ಗುರಿ. ಅದಕ್ಕಾಗಿ ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡು ತೆರೆದಿಡಬೇಕೆಂದು ಅದು ತೀರ್ಮಾನಿಸುತ್ತದೆ. ಜಿ13ಬಿಬಿಯಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಸಾಧನವಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಒತ್ತಡ, ಒಳಬರುವ ಗಾಳಿಯ ಉಷ್ಣತೆ, ಇಂಜಿನ್ನಿನ ವೇಗ, ಈ ಮೂರರಿಂದ ಗಾಳಿ ಎಷ್ಟು ಬಂತೆಂದು ಊಹಿಸಬೇಕು. ನೀರಿನ ಬಿಸಿ, ಥ್ರಾಟಲ್ ಎಷ್ಟು ತೆರೆದಿದೆ, ಕ್ಯಾಮ್ ಶಾಫ್ಟ್ ಎಲ್ಲಿದೆ, ಗಾಡಿ ಚಲಿಸುತ್ತಿದೆಯೋ ನಿಂತಿದೆಯೋ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಎಲ್ಲವೂ ತಂತಿಯ ಮೂಲಕ ಬರುವ ಸುದ್ದಿ. ಜಗಲಿ ಬಿಟ್ಟು ಇಳಿಯಲಾಗದ ವಯಸ್ಸಿನ ಯಜಮಾನರು ರೈಟರ್ ತಂದ ವರದಿಯನ್ನೇ ನಂಬಿ ತೋಟ ನಡೆಸುವುದುಂಟಲ್ಲ, ಇಸಿಎಂ ಇಂಜಿನ್ ನಡೆಸುವುದು ಹಾಗೆ. ವರದಿ ತಪ್ಪಾದರೆ ತೀರ್ಮಾನ ತಪ್ಪುತ್ತದೆ. ವರದಿ ಯಾಕೆ ತಪ್ಪಾಯಿತು ಎಂಬುದು ಮಾತ್ರ ಜಗಲಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ನಮಗೆ ಸಿಕ್ಕಿದ ಎಲೆಕ್ಟ್ರಿಶಿಯನ್ ವಯಸ್ಸಿನಲ್ಲಿ ನನಗಿಂತ ಹಿರಿಯರು. ಪೇಟೆಯಿಂದ ಹೊರಗೆ, ಶೀಟು ಹೊದಿಸಿದ ಒಂದು ಶೆಡ್ಡು. ಗೋಡೆಯ ಮೇಲೆ ಹಳೆಯ ಡೈನಮೋಗಳು, ಮೇಜಿನ ಮೇಲೆ ಟೆಸ್ಟ್ ಲ್ಯಾಂಪು, ಮಲ್ಟಿಮೀಟರು, ಸಾಲ್ಡರಿಂಗ್ ಕಬ್ಬಿಣ. ನಾನು ಇಡೀ ಕಥೆ ಹೇಳಿ ಮುಗಿಸುವವರೆಗೆ ಕೇಳಿದರು.

"ಸೆನ್ಸರ್ ಹಾಕ್ಸೋದಾದ್ರೆ ಎಲ್ಲಾದ್ರೂ ಹಾಕ್ಸಿ ಸಾರ್. ಕಂಪ್ಲೇಂಟ್ ಹುಡುಕ್ಬೇಕು ಅಂದ್ರೆ ಗಾಡಿ ಬಿಟ್ಟೋಗಿ," ಅಂದರು.

"ದೀಪ ಪ್ರೆಶರ್ ಸೆನ್ಸರ್ ಅಂತಲೇ ಹೇಳ್ತಿದೆಯಲ್ಲ ಅಣ್ಣ?"

"ದೀಪಕ್ಕೆ ಸೆನ್ಸರ್ ಕಾಣಲ್ಲ ಸಾರ್. ವೈರಲ್ಲಿ ಬಂದ ವೋಲ್ಟೇಜ್ ಅಷ್ಟೇ ಗೊತ್ತು ಅದಕ್ಕೆ."

ಈ ಒಂದು ಮಾತಿನಲ್ಲಿ ಕಂಪ್ಲೇಂಟ್ ಹುಡುಕುವ ವಿದ್ಯೆಯ ಅರ್ಧ ಭಾಗವಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಆ ಕಾಲದ ಸುಜುಕಿ ಇಂಜಿನ್ನುಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ಸಂಖ್ಯೆ ಓದಬಹುದು. ಡಯಾಗ್ನೋಸಿಸ್ ಕಪ್ಲರಿನ ಒಂದು ಪಿನ್ನನ್ನು ಅರ್ತಿಗೆ ಮುಟ್ಟಿಸಿ ಕೀಲಿ ತಿರುಗಿಸಿದರೆ ದೀಪ ಮಿಟುಕುತ್ತದೆ. ಒಂದು ಸಲ, ಬಿಡುವು, ಆಮೇಲೆ ಎರಡು ಸಲ ಮಿಟುಕಿದರೆ 12. ಎಲ್ಲ ಸರಿಯಿದೆ ಎಂದರ್ಥ. 31, 32 ಮ್ಯಾನಿಫೋಲ್ಡ್ ಒತ್ತಡದ ಸೆನ್ಸರಿಗೆ ಸೇರಿದವು. ಆದರೆ ಆ ಸಂಖ್ಯೆ ಹೇಳುವುದು ಇಷ್ಟೇ: ಈ ದಾರಿಯಲ್ಲಿ ಬರುವ ವೋಲ್ಟೇಜು ಇರಬೇಕಾದ ಮಿತಿಯೊಳಗೆ ಇಲ್ಲ. ಆ ದಾರಿಯಲ್ಲಿ ಸೆನ್ಸರು ಒಂದು ತುದಿ. ನಡುವೆ ಎರಡು ಕಪ್ಲರು, ಮೂರು ವೈರು, ಯಾರೋ ಕತ್ತರಿಸಿ ತಿರುಚಿ ಟೇಪು ಸುತ್ತಿದ ಜಾಗಗಳು, ಕೊನೆಗೆ ಅರ್ತಿಂಗ್ ಬೋಲ್ಟು. ಕಾರ್ಖಾನೆಯಿಂದ ಬಂದು ಹತ್ತು ವರ್ಷ ಯಾರೂ ಮುಟ್ಟದ ಗಾಡಿಯಲ್ಲಾದರೆ ಸೆನ್ಸರನ್ನು ಮೊದಲು ಅನುಮಾನಿಸಬಹುದು. ಇಂಜಿನ್ ಬದಲಾದ ಗಾಡಿಯಲ್ಲಿ ಮನುಷ್ಯರ ಕೈ ಬಿದ್ದ ಜಾಗಗಳನ್ನೇ ಮೊದಲು ನೋಡಬೇಕು. ಕೆಟ್ಟು ಹೋಗಿರುವುದಕ್ಕಿಂತ ತಪ್ಪಾಗಿ ಸೇರಿರುವುದು, ಅಥವಾ ಸೇರದೇ ಉಳಿದಿರುವುದೇ ಅಲ್ಲಿ ಹೆಚ್ಚು.

ಅವರು ಮೊದಲು ಸೆನ್ಸರಿನ ಹತ್ತಿರ ಹೋಗಲೇ ಇಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗುಬ್ಬಿಗೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಹಿಡಿದು, ಸ್ಟಾರ್ಟರ್ ಹೊಡೆಯಲು ಹೇಳಿದರು. ಎರಡೂ ಒಂದೇ ಅರ್ತ್ ಆಗಿದ್ದರೆ ಮೀಟರು ಸೊನ್ನೆಯ ಹತ್ತಿರ ಇರಬೇಕು. 0.2 ವೋಲ್ಟಿನವರೆಗೆ ಒಪ್ಪಬಹುದು. ನಮ್ಮದು ಒಂದು ವೋಲ್ಟಿನ ಹತ್ತಿರ ತೋರಿಸಿತು.

ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಬ್ಲಾಕಿನಿಂದ ಚಾಸಿಗೆ, ಬ್ಯಾಟರಿಗೆ ದಪ್ಪನೆಯ ಅರ್ತಿಂಗ್ ಪಟ್ಟಿ ಇರಲೇಬೇಕು. ಸ್ಟಾರ್ಟರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಅಷ್ಟೂ ಕರೆಂಟು ಆ ಪಟ್ಟಿಯ ಮೂಲಕ ವಾಪಸು ಹೋಗಬೇಕು. ಪಟ್ಟಿ ಇಲ್ಲದಿದ್ದರೆ ಅದು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಎಕ್ಸಲರೇಟರ್ ಕೇಬಲ್ಲಿನ ಮೂಲಕ, ಸ್ಪೀಡೋಮೀಟರ್ ಕೇಬಲ್ಲಿನ ಮೂಲಕ ಹರಿದು, ಕೇಬಲ್ ಸುಟ್ಟು ಅಂಟಿಕೊಂಡ ಗಾಡಿಗಳನ್ನು ಅವರು ಎಷ್ಟೋ ನೋಡಿದ್ದಾರಂತೆ. ನಮ್ಮದರಲ್ಲಿ ಪಟ್ಟಿ ಇತ್ತು. ಆದರೆ ಅದನ್ನು ಬಿಗಿದ ಬ್ರಾಕೆಟ್ಟಿಗೆ ಹೊಸದಾಗಿ ಕಪ್ಪು ಪೇಂಟು ಹೊಡೆದಿದ್ದರು. ಸೆನ್ಸರುಗಳ ಅರ್ತ್ ಸೇರುವ ಸಣ್ಣ ರಿಂಗಿನ ಅಡಿಯಲ್ಲೂ ಅದೇ ಪೇಂಟು. ನೋಡಲು ಅಂದವಾಗಿ ಕಾಣಲೆಂದು ಯಾರೋ ಶ್ರದ್ಧೆಯಿಂದ ಹೊಡೆದ ಪೇಂಟು. ಅದರಡಿಯಲ್ಲಿ ಲೋಹಕ್ಕೆ ಲೋಹ ತಾಗಿರಲಿಲ್ಲ.

ಸೆನ್ಸರಿಗೆ ಇಸಿಎಂ ಕೊಡುವುದು ಐದೇ ವೋಲ್ಟು. ಅದರೊಳಗೆ ಅರ್ಧ ವೋಲ್ಟು ಅತ್ತಿತ್ತ ಆದರೂ ಹತ್ತನೇ ಒಂದು ಭಾಗದ ಸುಳ್ಳು. ಅರ್ತ್ ಪೂರ್ತಿ ಕಡಿದು ಹೋದರೆ ಸಿಗ್ನಲ್ಲು ಐದರ ಕಡೆಗೆ ಏರಿ ಕೂರುತ್ತದೆ. ಹೊಸ ಸೆನ್ಸರಿಗೂ ಅದೇ ಅರ್ತ್, ಹಳೆಯದಕ್ಕೂ ಅದೇ ಅರ್ತ್. ಹೊಸದು ಹಾಕಿ ಏನೂ ಬದಲಾಗದಿದ್ದದ್ದು ಇದಕ್ಕೇ. ಮರಳುಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಬಂದ ಮೇಲೆ ಬೋಲ್ಟು ಬಿಗಿದು, ಅದರ ಮೇಲೆ ಗ್ರೀಸು ಸವರಿದರು. ಇಂಜಿನ್ ವೈರಿಂಗಿನಲ್ಲಿ ತಿರುಚಿ ಟೇಪು ಸುತ್ತಿದ ಪ್ರತಿ ಜೋಡಣೆಯನ್ನೂ ಬಿಚ್ಚಿದರು. ಒಂದೇ ಮಳೆಗಾಲ ಕಂಡಿದ್ದ ತಾಮ್ರ ಆಗಲೇ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಕಡೆಯ ಮಳೆಗೆ ಟೇಪು ಯಾವ ಲೆಕ್ಕ? ಕಿಲುಬು ಬಂದ ತುದಿ ಕತ್ತರಿಸಿ, ಸಾಲ್ಡರ್ ಮಾಡಿ, ಸ್ಲೀವ್ ಹಾಕಿ ಬಿಸಿ ಕೊಟ್ಟು ಮುಚ್ಚಿದರು. ಕ್ಯಾಮ್ ಸೆನ್ಸರಿನ ವೈರು ಪ್ಲಗ್ಗಿನ ವೈರಿನ ಜೊತೆಗೇ ಒಂದೇ ಕಟ್ಟಿನಲ್ಲಿ ಓಡುತ್ತಿತ್ತು. ಅದನ್ನು ಬೇರೆ ಮಾಡಿ ದೂರ ಕಟ್ಟಿದರು. ಸಾವಿರಾರು ವೋಲ್ಟು ಹರಿಯುವ ವೈರಿನ ಪಕ್ಕದಲ್ಲಿ ಸಣ್ಣ ಸಿಗ್ನಲ್ಲಿನ ವೈರು ಇಟ್ಟರೆ ಇಸಿಎಂಗೆ ಇಲ್ಲದ ಸದ್ದು ಕೇಳಿಸುತ್ತದೆ.

ಕೀಲಿ ತಿರುಗಿಸಿದಾಗ ದೀಪ ಆರಿತು. ಇಂಜಿನ್ ಮಾತ್ರ ಮೊದಲಿಗಿಂತ ಕೆಟ್ಟದಾಗಿ ಓಡಿತು! ಐಡ್ಲಿಂಗಿನಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ, ಕಪ್ಪು ಹೊಗೆ ಶೆಡ್ಡು ತುಂಬಿತು.

"ಇನ್ನೂ ಕೆಟ್ಟಿತಲ್ಲ ಅಣ್ಣ?"

"ಇಲ್ಲ ಸಾರ್. ಈಗ ಸರಿಹೋಗ್ತಿದೆ," ಎಂದ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಅದರ ಅರ್ಥ ನನಗೆ ಆಮೇಲೆ ತಿಳಿಯಿತು, ತಿಳಿದ ಮೇಲೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಒಂದು ಸೆನ್ಸರಿನ ಸುದ್ದಿ ನಂಬಲಾಗದಷ್ಟು ಕೆಟ್ಟಾಗ ಇಸಿಎಂ ಅದನ್ನು ಬದಿಗಿಟ್ಟು, ಉಳಿದವುಗಳಿಂದ ಅಂದಾಜು ಮಾಡಿಕೊಂಡು ಗಾಡಿಯನ್ನು ಹೇಗೋ ಮನೆ ಮುಟ್ಟಿಸುತ್ತದೆ. ಫೇಲ್‌ಸೇಫ್ ಎಂದು ಅದಕ್ಕೆ ಹೆಸರು. ಅಷ್ಟು ದಿನ ನಮ್ಮ ಜಿಪ್ಸಿ ಓಡಿದ್ದು ಆ ಅಂದಾಜಿನ ಮೇಲೆ. ಅರ್ತಿಂಗ್ ಸರಿಯಾದ ಕೂಡಲೇ ಇಸಿಎಂ ಪ್ರೆಶರ್ ಸೆನ್ಸರನ್ನು ಮತ್ತೆ ನಂಬತೊಡಗಿತು. ಆ ಸೆನ್ಸರು ಹೇಳುತ್ತಿದ್ದುದು ಮಾತ್ರ ಇನ್ನೂ ತಪ್ಪೇ. ಅಂದರೆ ಒಂದರ ಹಿಂದೆ ಇನ್ನೊಂದು ಕಂಪ್ಲೇಂಟ್ ಅವಿತಿತ್ತು. ಮೊದಲನೆಯದು ಇರುವಷ್ಟು ಕಾಲ ಎರಡನೆಯದು ಕಾಣುವಂತಿರಲಿಲ್ಲ. ಈ ಹಂತದಲ್ಲಿ ಎಷ್ಟು ಜನ ಕೈಬಿಟ್ಟು, ಮಾಡಿದ ಸರಿಯಾದ ಕೆಲಸವನ್ನೇ ಬಿಚ್ಚಿ ಹಾಕಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಇಂಜಿನ್ ನಿಲ್ಲಿಸಿ, ಕೀಲಿ ಆನ್ ಇಟ್ಟು, ಪ್ರೆಶರ್ ಸೆನ್ಸರಿನ ಸಿಗ್ನಲ್ ನೋಡಿದರು. ಇಂಜಿನ್ ತಿರುಗದಿದ್ದಾಗ ಮ್ಯಾನಿಫೋಲ್ಡಿನೊಳಗಿನ ಒತ್ತಡವೂ ಹೊರಗಿನ ಗಾಳಿಯ ಒತ್ತಡವೂ ಒಂದೇ. ಮಂಗಳೂರಿನ ಸಮುದ್ರದಂಡೆಯಲ್ಲಿ ಅದು 101 ಕಿಲೋಪಾಸ್ಕಲ್ ಆಸುಪಾಸು, ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ 90ರ ಆಸುಪಾಸು. ಶಿರಾಡಿ ಘಾಟಿ ಹತ್ತಿ ಬರುವಷ್ಟರಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಒಳ್ಳೆಯ ಸೆನ್ಸರು ಈ ವ್ಯತ್ಯಾಸವನ್ನೂ ಹೇಳಬಲ್ಲದು. ನಮ್ಮದು ಸರಿಯಾಗಿಯೇ ಹೇಳಿತು. ಇಂಜಿನ್ ಓಡುವಾಗ, ಥ್ರಾಟಲ್ ಮುಚ್ಚಿರುವಾಗ, ಪಿಸ್ಟನ್ನುಗಳು ಎಳೆಯುವ ಗಾಳಿಗೆ ದಾರಿ ಇಲ್ಲದೆ ಆ ಒತ್ತಡ ಅರ್ಧಕ್ಕಿಂತ ಕೆಳಗಿಳಿಯಬೇಕು. ನಮ್ಮದರಲ್ಲಿ ಇಳಿಯಲೇ ಇಲ್ಲ. ರೇಸ್ ಕೊಟ್ಟರೆ ಇಳಿಯಿತು, ಬಿಟ್ಟರೆ ಏರಿತು. ಆಗಬೇಕಾದದ್ದು ಇದರ ತಿರುವು ಮುರುವು.

ಅವರು ನಕ್ಕು, ಸೆನ್ಸರಿನ ರಬ್ಬರ್ ಪೈಪನ್ನು ಬೆರಳಿನಿಂದ ಹಿಡಿದುಕೊಂಡು ಇನ್ನೊಂದು ತುದಿಗೆ ಹೋದರು. ಥ್ರಾಟಲ್ ಬಾಡಿಯಲ್ಲಿ ಸಣ್ಣ ಮೂತಿಗಳು ಇರುತ್ತವೆ. ಕೆಲವು ಥ್ರಾಟಲ್ ತಟ್ಟೆಯ ಒಳಬದಿಗೆ ತೆರೆದುಕೊಳ್ಳುತ್ತವೆ, ಒಂದೆರಡು ಹೊರಬದಿಗೆ. ಹೊರಬದಿಯ ಮೂತಿ ಪೆಟ್ರೋಲ್ ಆವಿಯ ಕ್ಯಾನಿಸ್ಟರಿಗಾಗಿ ಇರುವಂಥದ್ದು. ಥ್ರಾಟಲ್ ಮುಚ್ಚಿದ್ದಾಗ ಅಲ್ಲಿ ಎಳೆತ ಇರುವುದಿಲ್ಲ, ಸ್ವಲ್ಪ ತೆರೆದಾಗ ಮಾತ್ರ ಬರುತ್ತದೆ. ಹಳೆಯ ಜಿಪ್ಸಿಯಲ್ಲಿ ಕ್ಯಾನಿಸ್ಟರ್ ಇರಲಿಲ್ಲವಾದ್ದರಿಂದ ಖಾಲಿ ಬಿದ್ದ ಆ ಮೂತಿಗೆ ಸೆನ್ಸರಿನ ಪೈಪನ್ನು ಸೇರಿಸಿದ್ದರು. ಪೈಪಿನ ಅಳತೆ ಸರಿಯಾಗಿತ್ತು, ಬಿಗಿಯಾಗಿ ಕೂತಿತ್ತು, ಎಲ್ಲೂ ಸೋರುತ್ತಿರಲಿಲ್ಲ. ಐಡ್ಲಿಂಗಿನಲ್ಲಿ ಇಸಿಎಂಗೆ ಸಿಗುತ್ತಿದ್ದ ಸುದ್ದಿ ಮಾತ್ರ ಹೀಗೆ: ಇಂಜಿನ್ ತುಂಬ ಗಾಳಿ ಬರುತ್ತಿದೆ, ಭಾರ ಹೊತ್ತು ಏರು ಹತ್ತುತ್ತಿದೆ. ಅದಕ್ಕೆ ತಕ್ಕಂತೆ ಅದು ಪೆಟ್ರೋಲು ಸುರಿಯುತ್ತಿತ್ತು. ಪೈಪು ಕಿತ್ತು, ತಟ್ಟೆಯ ಒಳಬದಿಯ ಮ್ಯಾನಿಫೋಲ್ಡ್ ಮೂತಿಗೆ ಹಾಕಿದರು. ಹೊರಬದಿಯ ಮೂತಿಗೆ ಕ್ಯಾಪು. ಹೊಗೆ ನಿಂತಿತು. ಎರಡು ಸೆನ್ಸರು ಬದಲಾದರೂ ಸರಿಹೋಗದಿದ್ದದ್ದು, ಒಂದು ಗೇಣು ರಬ್ಬರ್ ಪೈಪು ಜಾಗ ಬದಲಿಸಿದ್ದರಿಂದ ಸರಿಯಾಯಿತು.

ಇಲ್ಲಿ ಒಂದು ಮಾತು. ಪ್ರೆಶರ್ ಸೆನ್ಸರ್ ಐಡ್ಲಿಂಗಿನಲ್ಲಿ ಹೆಚ್ಚು ಒತ್ತಡ ತೋರಿಸಿದರೆ ಅದು ಪೈಪಿನ ತಪ್ಪೇ ಆಗಬೇಕೆಂದಿಲ್ಲ. ಟೈಮಿಂಗ್ ಬೆಲ್ಟು ಒಂದು ಹಲ್ಲು ಆಚೀಚೆ ಕೂತಿದ್ದರೂ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಗಾಳಿ ಸೋರುತ್ತಿದ್ದರೂ ಇಂಜಿನ್ನಿನ ಎಳೆತ ನಿಜವಾಗಿಯೇ ಕಡಿಮೆಯಾಗುತ್ತದೆ. ಆಗ ಸೆನ್ಸರು ಹೇಳುವುದು ಪೂರ್ತಿ ಸತ್ಯ, ತಪ್ಪು ಇಂಜಿನ್ನಿನದು. ಅದಕ್ಕೇ ಅವರು ಮುಳ್ಳಿನ ವ್ಯಾಕ್ಯೂಮ್ ಗೇಜು ಹಾಕಿ ಬೇರೆಯಾಗಿ ನೋಡಿದರು. ಆರೋಗ್ಯವಾದ ಇಂಜಿನ್ನಿಗೆ ಪುಸ್ತಕ ಹೇಳುವ 17ರಿಂದ 21 ಇಂಚು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚಿನಂತೆ ಕಳೆಯಬೇಕು, ನಮ್ಮೂರಿನಲ್ಲಿ ಮೂರು ಇಂಚು. ಮುಳ್ಳು ಅಲುಗಾಡದೆ ಆ ಲೆಕ್ಕಕ್ಕೆ ಸರಿಯಾಗಿ ನಿಂತಿತು. ಪುಸ್ತಕದ ಅಂಕಿಯನ್ನೇ ಹಿಡಿದು, ಒಳ್ಳೆಯ ಇಂಜಿನ್ನಿನ ಹೆಡ್ ಬಿಚ್ಚಿಸಿಕೊಂಡ ತೋಟದವರು ನಮ್ಮಲ್ಲಿ ಇದ್ದಾರೆ.

ಏರಿನಲ್ಲಿ ಜರ್ಕ್ ಕೊಡುತ್ತಿದ್ದ ಮಿಸ್ಸಿಂಗಿನ ಕಾರಣ ಬೇಗ ಸಿಕ್ಕಿತು. ಈ ಇಂಜಿನ್ನಿನಲ್ಲಿ ಎರಡು ಕಾಯಿಲ್. ಒಂದನೇ ಮತ್ತು ನಾಲ್ಕನೇ ಸಿಲಿಂಡರಿಗೆ ಒಂದು, ಎರಡು ಮತ್ತು ಮೂರಕ್ಕೆ ಇನ್ನೊಂದು. ಜೋಡಿ ಸಿಲಿಂಡರುಗಳೆರಡೂ ಕೈಕೊಟ್ಟರೆ ಕಾಯಿಲ್ ಅಥವಾ ಅದರ ವೈರು. ಒಂದೇ ಕೈಕೊಟ್ಟರೆ ಪ್ಲಗ್ಗು, ಪ್ಲಗ್ ವೈರು, ಇಂಜೆಕ್ಟರು. ಒಂದೊಂದೇ ಇಂಜೆಕ್ಟರಿನ ಕಪ್ಲರ್ ತೆಗೆದು ನೋಡಿದಾಗ ಮೂರನೆಯದನ್ನು ತೆಗೆದರೂ ಇಂಜಿನ್ನಿನ ಓಟ ಬದಲಾಗಲಿಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಹೊಗೆಯಲ್ಲಿ ಮಸಿ ಹಿಡಿದ ಪ್ಲಗ್ಗು ಅಷ್ಟೇ. ಹೊಸದು ಹಾಕಿದರೆ ಮುಗಿಯಿತು.

ಇನ್ನು ಉಳಿದದ್ದು ಬಿಸಿಯಾದ ಮೇಲೆ ಬರುವ ತೊಂದರೆ. ತಣ್ಣಗಿದ್ದಾಗ ಚೆನ್ನಾಗಿದ್ದ ಐಡ್ಲಿಂಗು ಬಿಸಿಯಾದ ಮೇಲೆ ಭಾರವಾಗುತ್ತಿತ್ತು, ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು. ಈ ಇಂಜಿನ್ನಿನಲ್ಲಿ ನೀರಿನ ಬಿಸಿ ನೋಡುವವು ಎರಡು. ಒಂಟಿ ವೈರಿನದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಎರಡು ವೈರಿನದು ಇಸಿಎಂಗೆ. ಮುಳ್ಳು ನಡುಮಧ್ಯೆ ಇದ್ದು ಇಂಜಿನ್ ಬಿಸಿಯಾಗಿದೆ ಎನ್ನುತ್ತಿತ್ತು. ಇಸಿಎಂಗೆ ಹೋಗುವ ವೋಲ್ಟೇಜು ನೋಡಿದರೆ ಇಂಜಿನ್ ಇನ್ನೂ ಉಗುರುಬೆಚ್ಚಗಿದೆ ಎಂಬ ಸುದ್ದಿ. ಸೆನ್ಸರನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ತೂಗುಹಾಕಿ, ಒಲೆ ಹಚ್ಚಿ, ಥರ್ಮಾಮೀಟರ್ ಇಟ್ಟು, ಓಮ್ಸ್ ನೋಡುತ್ತ ಕೂತೆವು. 20 ಡಿಗ್ರಿಯ ಹತ್ತಿರ ಎರಡು ಸಾವಿರದ ಮೇಲೆ, 80 ಡಿಗ್ರಿಗೆ ಬರುವಷ್ಟರಲ್ಲಿ ಮುನ್ನೂರರ ಹತ್ತಿರ. ನಡುವೆ ಎಲ್ಲೂ ನೆಗೆತವಿಲ್ಲ, ನಯವಾಗಿ ಇಳಿಯಿತು. ಸೆನ್ಸರು ನೂರಕ್ಕೆ ನೂರು ಚೆನ್ನಾಗಿತ್ತು.

ಸೆನ್ಸರು ಸರಿ, ವೈರು ಸರಿ, ಸುದ್ದಿ ತಪ್ಪು. ಹಾಗಾದರೆ ಅದು ಇರುವ ಜಾಗ? ಎಸ್ಟೀಮಿನಲ್ಲಿ ಇಂಜಿನ್ ಅಡ್ಡಲಾಗಿ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ತಿರುಗಿಸಿ ಕೂರಿಸುವಾಗ ನೀರಿನ ಪೈಪುಗಳ ದಾರಿ ಬದಲಾಗಿ, ಸೆನ್ಸರು ಕೂತ ಭಾಗವೇ ಎತ್ತರದ್ದಾಗಿ ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಗಾಳಿ ನೀರಿನಷ್ಟು ಬಿಸಿಯನ್ನು ಮುಟ್ಟಿಸುವುದಿಲ್ಲ. ಸೆನ್ಸರಿನ ಮೂತಿ ನೀರಿನಲ್ಲಿ ಮುಳುಗಿರಲೇ ಇಲ್ಲ. ಇಂಜಿನ್ ಪೂರ್ತಿ ಆರಿದ ಮೇಲೆ ಗಾಡಿಯನ್ನು ಏರಿನ ಮೇಲೆ ಮೂತಿ ಎತ್ತಿ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ ಥರ್ಮೋಸ್ಟಾಟ್ ತೆರೆಯುವವರೆಗೆ ಕಾದೆವು. ಗುಳ್ಳೆಗಳು ಬಂದವು, ನೀರು ಇಳಿಯಿತು, ಮತ್ತೆ ತುಂಬಿಸಿದೆವು. ಬಿಸಿ ಇಂಜಿನ್ನಿನ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬಾರದು; ಚಿಮ್ಮಿದ ನೀರು ಮುಖ ಸುಡುತ್ತದೆ.

ಇಳಿಜಾರಿನಲ್ಲಿ ಇಂಜಿನ್ ನಿಲ್ಲುವುದನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಿಂದ ನೋಡಿದ್ದೆ. ಬ್ರೇಕ್ ಬೂಸ್ಟರಿಗೆ ಬೇಕಾದ ಎಳೆತ ಇಂಜಿನ್ನಿನಿಂದಲೇ ಬರಬೇಕು. ಇಂಜಿನ್ ನಿಂತರೆ ಎರಡು ಮೂರು ತುಳಿತಕ್ಕೆ ಅದು ಮುಗಿದು ಪೆಡಲು ಗಟ್ಟಿಯಾಗುತ್ತದೆ. ಶಿರಾಡಿಯ ತಿರುವಿನಲ್ಲಿ, ಹಿಂದೆ ಲೋಡು ಲಾರಿ ಬರುತ್ತಿರುವಾಗ ಹೀಗಾದರೆ ಏನಾಗಬಹುದು ಎಂದು ಹೇಳಬೇಕಾಗಿಲ್ಲ. ಇದರ ಕಾರಣ ಇಲ್ಲದ ಒಂದು ಸೆನ್ಸರು. ಗಾಡಿ ಚಲಿಸುತ್ತಿದೆ ಎಂದು ತಿಳಿದರೆ ಇಸಿಎಂ ಎಕ್ಸಲರೇಟರ್ ಬಿಟ್ಟ ಕೂಡಲೇ ಐಡ್ಲಿಂಗ್ ಗಾಳಿಯ ವಾಲ್ವನ್ನು ಸ್ವಲ್ಪ ಹೆಚ್ಚು ತೆರೆದಿಟ್ಟು ಇಂಜಿನ್ನನ್ನು ಹಿಡಿದಿಡುತ್ತದೆ. ನಮ್ಮ ಹಳೆಯ ಜಿಪ್ಸಿಯ ಸ್ಪೀಡೋಮೀಟರಿನಲ್ಲಿದ್ದುದು ಬರೀ ತಿರುಗುವ ಕೇಬಲ್ಲು, ಅದರಿಂದ ವಿದ್ಯುತ್ ಸಂಕೇತ ಹೊರಡುವುದಿಲ್ಲ. ಇಸಿಎಂನ ಆ ಪಿನ್ನು ಖಾಲಿಯಾಗಿಯೇ ಇತ್ತು. ಅದರ ಮಟ್ಟಿಗೆ ನಮ್ಮ ಗಾಡಿ ಬೆಟ್ಟ ಇಳಿಯುವಾಗಲೂ ನಿಂತೇ ಇತ್ತು. ಕೇಬಲ್ಲಿನ ನಡುವೆ ಕೂರಿಸುವ ಪಲ್ಸ್ ಸೆನ್ಸರ್ ಒಂದನ್ನು ಬೆಂಗಳೂರಿನಿಂದ ತರಿಸಿ ಹಾಕಿದರು. ಇಡೀ ಕೆಲಸದಲ್ಲಿ ಹೊಸದಾಗಿ ಕೊಂಡ ಸೆನ್ಸರು ಅದೊಂದೇ. ಅದು ಕೆಟ್ಟಿದ್ದಲ್ಲ, ಇಲ್ಲದಿದ್ದದ್ದು.

ಲೆಕ್ಕ ಕೊಡುವಾಗ ಅವರು ಪ್ಲಗ್ಗು, ಸೆನ್ಸರು, ಸ್ಲೀವು, ವೈರು ಎಂದು ಬರೆದು, ಕೂಲಿ ಎಂದು ಸಣ್ಣದೊಂದು ಮೊತ್ತ ಸೇರಿಸಿದರು. ದಿನಗಟ್ಟಲೆ ಯೋಚಿಸಿದ್ದಕ್ಕೆ, ಅಳೆದದ್ದಕ್ಕೆ, ಅಳೆದು ಸರಿಯಿದೆ ಎಂದು ಬಿಟ್ಟದ್ದಕ್ಕೆ ಅಲ್ಲಿ ಸಾಲೇ ಇರಲಿಲ್ಲ. ನಮ್ಮ ಊರುಗಳಲ್ಲಿ ಕೆಲಸ ಕೆಡುತ್ತಿರುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಸಾಮಾನಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಕಟ್ಟಿದ್ದಕ್ಕೆ ಕೊಡುತ್ತೇವೆ. ಹುಡುಕಿದ್ದಕ್ಕೆ ಕೊಡುವುದಿಲ್ಲ. ಒಂದು ದಿನವಿಡೀ ಮೀಟರು ಹಿಡಿದು ಕೂತು, ಕೊನೆಗೆ ಒಂದು ಬೋಲ್ಟಿನ ಅಡಿಯ ಪೇಂಟು ಉಜ್ಜಿದವನಿಗೆ "ಇಷ್ಟೇನಾ?" ಎಂದು ಐವತ್ತು ರೂಪಾಯಿ ಕೊಡುವವರು, ಬೇಕಿಲ್ಲದ ಸೆನ್ಸರು ಹಾಕಿದವನಿಗೆ ಸಾವಿರಗಟ್ಟಲೆ ಎಣಿಸುತ್ತಾರೆ. ಹೀಗಿರುವಾಗ ಹೊಸ ಹುಡುಗರು ಯಾಕೆ ಹುಡುಕುವುದನ್ನು ಕಲಿಯಬೇಕು? ಸೆನ್ಸರು ಮಾರುವುದನ್ನೇ ಕಲಿಯುತ್ತಾರೆ. ಹಿಂದಿನ ವರ್ಕ್‌ಶಾಪಿನವರ ಮೇಲೂ ನನಗೆ ಈಗ ಸಿಟ್ಟಿಲ್ಲ. ಅವರಿಗೆ ದುಡ್ಡು ಹುಟ್ಟುವ ದಾರಿ ಅದೊಂದೇ ಎಂದು ನಾವೇ ಮಾಡಿಟ್ಟಿದ್ದೇವೆ. ನಾನು ಆ ಚೀಟಿಯಲ್ಲಿ ಇನ್ನೊಂದು ಸಾಲು ಬರೆಸಿ ಅದಕ್ಕೂ ಕೊಟ್ಟೆ. ಅವರು ಬೇಡವೆಂದರು, ಆಮೇಲೆ ತೆಗೆದುಕೊಂಡರು.

ಅವರು ಒಂದು ಶರತ್ತು ಹಾಕಿದ್ದರು. ವೈರಿಂಗಿನ ನಕ್ಷೆ ಬರೆದಿಡಬೇಕು. ಹಿಂದಿನವರು ಕತ್ತರಿಸಿದ ಜಾಗಗಳಲ್ಲೆಲ್ಲ ಕೈಗೆ ಸಿಕ್ಕ ಕೆಂಪು ವೈರನ್ನೇ ಸೇರಿಸಿದ್ದರಿಂದ, ಇಸಿಎಂ ಹತ್ತಿರ ಬೂದು ಬಣ್ಣದಲ್ಲಿ ಹೊರಟದ್ದು ನಡುವೆ ಕೆಂಪಾಗಿ, ಸೆನ್ಸರಿನ ಹತ್ತಿರ ಮತ್ತೆ ಬೂದಾಗುತ್ತದೆ. ಮುಂದೆ ಬಾನೆಟ್ ಎತ್ತುವವನು ಯಾರೋ, ಅವನಿಗೆ ಇದು ತಿಳಿಯಬೇಕು. ಇಬ್ಬರೂ ಕೂತು, ಅವರು ಹೇಳುತ್ತ ನಾನು ಬರೆಯುತ್ತ, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಸೆನ್ಸರಿಗೂ ಒಂದು ಪುಟ ಮಾಡಿದೆವು: ಯಾವ ಪಿನ್ನಿನಿಂದ ಯಾವ ಬಣ್ಣ, ಎಲ್ಲಿ ಜೋಡಣೆ, ಅರ್ತ್ ಯಾವ ಬೋಲ್ಟಿಗೆ, ತಣ್ಣಗಿದ್ದಾಗ ಎಷ್ಟು ವೋಲ್ಟು, ಬಿಸಿಯಾದಾಗ ಎಷ್ಟು. ನಾಳೆ ಮತ್ತೆ ದೀಪ ಬಂದರೆ ಹೋಲಿಸಿ ನೋಡಲು ಒಂದು ಆರೋಗ್ಯದ ಲೆಕ್ಕ ಇರುತ್ತದೆ. ಬಾನೆಟ್ಟಿನ ಒಳಬದಿಗೆ ಪ್ಲಾಸ್ಟಿಕ್ ಕವರಿನಲ್ಲಿ ಅದರದೊಂದು ಜೆರಾಕ್ಸ್ ಅಂಟಿಸಿದ್ದೇವೆ.

ಆಕ್ಸಿಜನ್ ಸೆನ್ಸರಿನ ಪುಟ ಮಾತ್ರ ಪೂರ್ತಿಯಾಗಿಲ್ಲ. ಬಿಸಿಯಾದ ಮೇಲೆ ಅದು 0.1ಕ್ಕೂ 0.9 ವೋಲ್ಟಿಗೂ ನಡುವೆ ಚುರುಕಾಗಿ ಓಡಾಡಬೇಕು. ನಮ್ಮದು ಓಡಾಡುತ್ತದೆ, ಆದರೆ ತಡವಾಗಿ, ಹೆಚ್ಚು ಹೊತ್ತು ಕೆಳಗೇ ನಿಲ್ಲುತ್ತದೆ. ವಯಸ್ಸಾಗಿರಬಹುದು. ಎಕ್ಸಾಸ್ಟ್ ಜೋಡಣೆಯಲ್ಲಿ ಹೊರಗಿನ ಗಾಳಿ ನುಸುಳಿ, ಇಲ್ಲದ ಆಮ್ಲಜನಕವನ್ನು ಅದಕ್ಕೆ ತೋರಿಸುತ್ತಿರಲೂಬಹುದು. "ಸೆನ್ಸರ್ ತರ್ಬೇಡಿ ಸಾರ್, ಮೊದ್ಲು ಗ್ಯಾಸ್ಕೆಟ್ ನೋಡನ," ಅಂದಿದ್ದಾರೆ. ಕಾಫಿ ಹಣ್ಣಿನ ಕೊಯ್ಲು ಶುರುವಾದರೆ ಗಾಡಿಗೆ ಬಿಡುವಿರುವುದಿಲ್ಲ. ಅಷ್ಟರೊಳಗೆ ಒಂದು ದಿನ ಶೆಡ್ಡಿಗೆ ಬಿಡಬೇಕು.